ರಾಹುಕಾಲಕ್ಕೆ ಮುಂಚೆ ಕಲಸಿಟ್ಟ ಎಪಾಕ್ಸಿ

ಎರಡು ಡಬ್ಬಿ. ಒಂದರಲ್ಲಿರುವುದನ್ನು ಇನ್ನೊಂದರ ಜೊತೆ ಸೇರಿಸುವುದು, ಕಲಸುವುದು, ನೆಲಕ್ಕೆ ಹಚ್ಚುವುದು. ಇಷ್ಟೇ! ಮೊಬೈಲಿನಲ್ಲಿ ಆ ವಿಡಿಯೋವನ್ನು ನಾನು ಹನ್ನೊಂದು ಸಲ ನೋಡಿದ್ದೆ. ಒಬ್ಬ ದಾಂಡಿಗ ಬರುತ್ತಾನೆ, ಕಾರ್ ಶೆಡ್ಡಿನ ಹಳೇ ಸಿಮೆಂಟ್ ನೆಲದ ಮೇಲೆ ಬೂದು ಬಣ್ಣದ ದ್ರವ ಸುರಿಯುತ್ತಾನೆ, ಉದ್ದ ಕೋಲಿನ ರೋಲರಿನಿಂದ ಎಳೆಯುತ್ತಾನೆ, ನಾಲ್ಕೇ ನಿಮಿಷದಲ್ಲಿ ನೆಲದಲ್ಲಿ ಅವನ ಮುಖ ಕಾಣುತ್ತದೆ. ಆ ಮುಖದಲ್ಲಿ ಒಂದು ಹನಿ ಬೆವರೂ ಇಲ್ಲ. ಇಪ್ಪತ್ತಮೂರು ವರ್ಷದಿಂದ ಹತ್ತನೆಯ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ಎಪಾಕ್ಸಿಯ ಎರಡು ಡಬ್ಬಿ ಯಾವ ಲೆಕ್ಕ?

 

ನಮ್ಮ ಮನೆ ಹಾಸನದ ಒಂದು ಹೊಸ ಬಡಾವಣೆಯಲ್ಲಿದೆ. ಮನೆಯ ಪಕ್ಕದಲ್ಲಿ ಪ್ರತ್ಯೇಕವಾಗಿ ಒಂದು ಕಾರ್ ಶೆಡ್ ಇದೆ. ಅದು ಹೆಸರಿಗೆ ಮಾತ್ರ ಕಾರಿನದು. ಮನೆಯಲ್ಲಿ ಏನೇ ಸಮಾರಂಭ ನಡೆದರೂ ಕಾರು ಬೀದಿಗೆ, ಊಟದ ಪಂಕ್ತಿ ಶೆಡ್ಡಿಗೆ. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇದೇ ಪದ್ಧತಿ. ಮಗಳು ಸ್ಮಿತಾಳ ಸೀಮಂತ ಡಿಸೆಂಬರಿನ ಒಂದು ಭಾನುವಾರಕ್ಕೆ ಗೊತ್ತಾಯಿತು. ಹೊಳೆನರಸೀಪುರದಿಂದ ಬೀಗರ ಕಡೆಯವರೇ ಅರವತ್ತು ಜನ. ಅಷ್ಟೂ ಜನ ಉಣ್ಣಬೇಕಾದದ್ದು ಆ ಶೆಡ್ಡಿನಲ್ಲಿ.

ಆ ಶೆಡ್ಡಿನ ನೆಲದ ವಿಷಯ ಹೇಳಬೇಕು. ಕಟ್ಟಿಸುವಾಗ ಏನು ಯಡವಟ್ಟಾಯಿತೋ, ಸಿಮೆಂಟು ದಿನಾ ಪುಡಿಯಾಗಿ ಏಳುತ್ತದೆ. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಹಿಂದಿನ ಸಲ ಬೀಗಿತ್ತಿಯವರು ಬಂದಾಗ ಆ ನೆಲ ದಾಟಿ ಕೈ ತೊಳೆಯಲು ಹೋದರು. ಹೋಗುವಾಗ ಎರಡೇ ಎರಡು ಬೆರಳಿನಲ್ಲಿ ಸೀರೆಯ ನೆರಿಗೆಯನ್ನು ಒಂದು ಗೇಣು ಮೇಲಕ್ಕೆ ಎತ್ತಿಕೊಂಡರು. ಕೆಸರು ಗದ್ದೆ ದಾಟುವವರ ಹಾಗೆ! ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು, ನಾನೂ ಏನಾದರೂ ಅನ್ನಬಹುದಿತ್ತು. ನೆರಿಗೆ ಎತ್ತಿದ್ದಕ್ಕೆ ಏನು ಉತ್ತರ ಕೊಡುವುದು? ಆ ಎರಡು ಬೆರಳು ಆರು ತಿಂಗಳು ನನ್ನ ಕಣ್ಣಲ್ಲೇ ಇದ್ದವು. ಸೀಮಂತದ ದಿನ ಆ ಬೆರಳುಗಳು ನೆರಿಗೆಯನ್ನು ಕೆಳಗೆ ಬಿಡಬೇಕು. ನನಗೆ ಬೇಕಾದದ್ದು ಅಷ್ಟೇ.

“ಪೇಂಟರ್ ಕರೆಸೋಣ ಕಣೆ,” ಎಂದರು ನಮ್ಮ ಯಜಮಾನರು. ಅವರು ದಿನವೂ ಬಸ್ಸಿನಲ್ಲಿ ಅರಕಲಗೂಡಿಗೆ ಹೋಗಿ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಬರುವ ಶಾಂತ ಜೀವಿ.

“ರೀ, ನಾನು ಸೈನ್ಸ್ ಟೀಚರ್ರು.”

“ಅದಕ್ಕೇ ಹೇಳ್ತಿರೋದು.”

ಪೇಂಟಿನ ಅಂಗಡಿಯ ಲೋಕೇಶ ನನ್ನ ಹಳೆಯ ವಿದ್ಯಾರ್ಥಿ. ಕೊನೆಯ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಾ ಮೂರು ವರ್ಷ ಕಳೆದವನು. ಈಗ ಅಂಗಡಿಯ ಮಾಲೀಕ. ನನ್ನನ್ನು ಕಂಡರೆ ಇವತ್ತಿಗೂ ಎದ್ದು ನಿಲ್ಲುತ್ತಾನೆ. ಎರಡು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ದೊಡ್ಡದರಲ್ಲಿ ರೆಸಿನ್ ಎಂಬ ಅಂಟು, ಚಿಕ್ಕದರಲ್ಲಿ ಅದನ್ನು ಗಟ್ಟಿಯಾಗಿಸುವ ಹಾರ್ಡನರ್.

“ಮಿಸ್, ಇದನ್ನ ಕಲಸಿದ್ ಮ್ಯಾಲೆ...”

“ಅನುಪಾತ ತಾನೆ? ಡಬ್ಬಿಯ ಮೇಲೇ ಇದೆಯಲ್ಲ.”

“ಅನುಪಾತ ಅಲ್ಲ ಮಿಸ್. ಬಕೀಟಲ್ಲಿ ಜಾಸ್ತಿ ಒತ್ತು...”

“ಮನೆಯಲ್ಲಿ ಬೇಕಾದಷ್ಟು ಬಕೆಟ್ ಇದೆ.”

“ಅಂಗಲ್ಲ ಮಿಸ್, ಒಂದೇ ಸಲಕ್ಕೆ ಎಲ್ಲಾನೂ...”

“ಲೋಕೇಶ, ವಿಜ್ಞಾನದಲ್ಲಿ ನಿನಗೆ ಎಷ್ಟು ಬಂದಿತ್ತು?”

ಅವನು ತಲೆ ತಗ್ಗಿಸಿದ. “ಮೂವತ್ತಾರು ಮಿಸ್.”

“ಮತ್ತೆ?”

ಲೋಕೇಶ ಬಾಯಿ ಮುಚ್ಚಿ ಡಬ್ಬಿಗಳನ್ನು ಚೀಲಕ್ಕೆ ಹಾಕಿದ. ರೋಲರ್ ತೊಳೆಯಲು ಐದು ಲೀಟರಿನ ಒಂದು ಕ್ಯಾನ್ ಥಿನ್ನರನ್ನೂ ಕೊಟ್ಟ. “ಬೆಂಕಿ ಅತ್ರ ಇಡ್ಬೇಡಿ ಮಿಸ್” ಎಂದು ಮಾತ್ರ ಹೇಳಿದ. ಅದೊಂದನ್ನು ಪೂರ್ತಿ ಹೇಳಲು ನಾನು ಅವಕಾಶ ಕೊಟ್ಟೆ. ಹಚ್ಚಿದ ಮೇಲೆ ಒಂದು ವಾರ ಒಣಗಬೇಕು, ಅಲ್ಲಿಯವರೆಗೆ ಭಾರ ಹಾಕಬಾರದು ಎಂದೂ ಹೇಳಿದ. ಅಂದರೆ ಸೀಮಂತಕ್ಕೆ ಎಂಟು ದಿನ ಮುಂಚಿನ ಶನಿವಾರವೇ ನನಗೆ ಕೊನೆಯ ಗಡುವು.

ಬುಧವಾರ ಸಂಜೆ ನೆಲವನ್ನು ಆಸಿಡ್ ಹಾಕಿ ತೊಳೆದೆ. ಎಪಾಕ್ಸಿ ಕಚ್ಚಿಕೊಳ್ಳಬೇಕಾದರೆ ನೆಲ ಸ್ವಲ್ಪ ತರಿತರಿಯಾಗಬೇಕು ಎಂದು ವಿಡಿಯೋದ ದಾಂಡಿಗ ಹೇಳಿದ್ದ. ರೇನ್‌ಕೋಟು, ಗಮ್ ಬೂಟು, ಯಜಮಾನರ ಹೆಲ್ಮೆಟ್ಟು ಹಾಕಿಕೊಂಡು ನಾನು ಶೆಡ್ಡಿಗೆ ಇಳಿದಾಗ, ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿ ಪುಟ್ಟಸ್ವಾಮಿ ಕರಣೆ ಕೆಳಗಿಟ್ಟು ನೋಡುತ್ತಾ ನಿಂತ. ಅವನು ದುದ್ದದ ಕಡೆಯವನು, ಮುಚ್ಚುಮರೆ ಇಲ್ಲದ ಮನುಷ್ಯ.

“ಅಕ್ಕಾ, ಎಲ್ಲಾದ್ರೂ ಎಜ್ಜೇನು ಕೀಳಕ್ ಒಂಟ್ರಾ?”

ನಾನು ಆಸಿಡ್ ಬಾಟಲಿ ಬಗ್ಗಿಸಿದೆ. ಆಸಿಡ್ ಬಿದ್ದ ಕಡೆಯೆಲ್ಲ ನೆಲ ಬುಸುಬುಸು ನೊರೆಯೆದ್ದಿತು. ನನಗೆ ಪ್ರಯೋಗಾಲಯದಲ್ಲಿ ನಿಂತಷ್ಟು ಸಂತೋಷವಾಯಿತು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ನಾನು ಯೋಚಿಸಿರಲಿಲ್ಲ. ಅದು ನೇರ ಅತ್ತೆಯವರ ಕನಕಾಂಬರದ ಪಾತಿಗೆ ಹೋಯಿತು. ಮೊಮ್ಮಗಳ ಸೀಮಂತಕ್ಕೆ ಮುಡಿಸಬೇಕೆಂದು ಮೂರು ತಿಂಗಳಿಂದ ನೀರೆರೆದು ಸಾಕಿದ್ದ ಗಿಡಗಳು. ಗುರುವಾರ ಬೆಳಿಗ್ಗೆ ಎಲ್ಲವೂ ಒಟ್ಟಿಗೆ ತಲೆ ತಗ್ಗಿಸಿದ್ದವು.

ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ. ತವರು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಮಂಡಿ ನೋವು ಬಿಟ್ಟರೆ ಬೇರೆ ಯಾವ ದೌರ್ಬಲ್ಯವೂ ಇಲ್ಲ. ಪಾತಿಯ ಮುಂದೆ ನಿಂತು ಗಿಡಗಳನ್ನೂ ನನ್ನನ್ನೂ ನೋಡಿದರು.

“ಓಯ್ತು ಬುಡು ಜಯಾ. ಊವ ಪ್ಯಾಟೇಲೂ ಸಿಕ್ತದೆ. ನಿನ್ ನೆಲನಾದ್ರೂ ಬದುಕ್ಲಿ.”

ನೆಲ ಬದುಕಿತು. ಒಣಗಲಿಲ್ಲ, ಅಷ್ಟೇ. ಡಿಸೆಂಬರಿನಲ್ಲಿ ಹಾಸನದಲ್ಲಿ ಟವೆಲ್ಲೇ ಒಣಗುವುದಿಲ್ಲ, ಇನ್ನು ನೆಲ! ಎರಡು ದಿನ ಟೇಬಲ್ ಫ್ಯಾನ್ ಹಾಕಿದೆ. ಶುಕ್ರವಾರ ಸಂಜೆ ನೆಲ ಒಣಗಿತು, ಫ್ಯಾನ್ ತೀರಿಕೊಂಡಿತು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ನಾನು ಶೆಡ್ಡಿನ ನಡುವೆ ಸನ್ನದ್ಧಳಾಗಿ ನಿಂತಿದ್ದೆ. ಶಾಲೆಗೆ ರಜೆ ಹಾಕಿದ್ದೆ. ಯಜಮಾನರು ಅರ್ಧ ದಿನದ ರಜೆ ಹಾಕಿದ್ದರು. ಹನ್ನೆರಡರ ಬಸ್ಸಿಗೆ ಅವರು ಹೊರಡಲೇಬೇಕು. ಬಕೆಟ್ಟು, ಕಲಸುವ ಕೋಲು, ರೋಲರ್, ಥಿನ್ನರ್ ಎಲ್ಲವೂ ಸಾಲಾಗಿ ಸಿದ್ಧ. ಆಗ ಅತ್ತೆ ಕೋಲೂರಿಕೊಂಡು ಬಂದರು.

“ಇವತ್ತು ಯಾವಾರ?”

“ಶನಿವಾರ ಅತ್ತೆ.”

“ಒಂಬತ್ತರಿಂದ ಅತ್ತೂವರೆ ಗಂಟ ರಾಹುಕಾಲ. ಆಗ ನೆಲ ಮುಟ್ಬ್ಯಾಡ.”

ನಾನು ಯಜಮಾನರ ಕಡೆ ನೋಡಿದೆ. ಅವರು ರೋಲರಿನ ಕಡೆ ನೋಡಿದರು. ನನ್ನ ಇಪ್ಪತ್ತೇಳು ವರ್ಷದ ದಾಂಪತ್ಯದಲ್ಲಿ ಅತ್ತೆಯವರ ವಿರುದ್ಧ ಅವರು ಬಾಯಿ ಬಿಟ್ಟ ದಾಖಲೆ ಇಲ್ಲ.

“ಅತ್ತೆ, ಹತ್ತೂವರೆಗೆ ಶುರು ಮಾಡಿದ್ರೆ ಕಲಸಿ, ಹಚ್ಚಿ ಮುಗಿಯೋದು ಯಾವಾಗ? ಇವರಿಗೆ ಬಸ್ ತಪ್ಪುತ್ತೆ.”

“ಬಸ್ಸು ದಿನಾ ಬತ್ತೈತೆ. ಬಸುರಿ ಎಂಗ್ಸಿನ ಕಾರ್ಯ ದಿನಾ ಬತ್ತದಾ?”

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ಆದರೆ ಆ ಗಳಿಗೆಯಲ್ಲಿ ನನ್ನ ತಲೆಗೊಂದು ಅದ್ಭುತವಾದ ಯೋಚನೆ ಬಂತು. ನಾಶವೆಲ್ಲ ಶುರುವಾದದ್ದು ಅಲ್ಲಿಂದ.

“ಅತ್ತೆ, ಈಗ ಇನ್ನೂ ಎಂಟೂ ಮುಕ್ಕಾಲು. ಒಂಬತ್ತಕ್ಕೆ ಮುಂಚೆ ಕಲಸಿ ಇಟ್ಟುಬಿಡ್ತೀನಿ. ರಾಹುಕಾಲ ಮುಗಿದ ತಕ್ಷಣ ನೆಲಕ್ಕೆ ಎಳೀತೀವಿ. ಆಗಬಹುದಾ?”

ಅತ್ತೆಯವರ ಮುಖ ಅರಳಿತು. “ಪರಸ್ಥಾನ ಮಾಡ್ದಂಗೆ ಅನ್ನು!”

ಪರಸ್ಥಾನ ಅಂದರೆ ಅತ್ತೆಯವರ ಪ್ರಯಾಣದ ಕ್ರಮ. ಹೊರಡುವ ಹೊತ್ತಿಗೆ ಒಳ್ಳೆಯ ಗಳಿಗೆ ಇಲ್ಲದಿದ್ದರೆ, ಅದಕ್ಕೂ ಮುಂಚೆಯೇ ಒಳ್ಳೆಯ ಗಳಿಗೆ ನೋಡಿ ಬ್ಯಾಗನ್ನು ಪಕ್ಕದ ಮನೆಗೆ ಸಾಗಿಸಿ ಇಟ್ಟುಬಿಡುತ್ತಾರೆ. ಬ್ಯಾಗು ಹೊರಟಿತೆಂದರೆ ಪ್ರಯಾಣ ಶುರುವಾದ ಹಾಗೆ. ಆಮೇಲೆ ಬ್ಯಾಗು ಅಲ್ಲಿ ಒಂದು ದಿನವಾದರೂ ತಾಳ್ಮೆಯಿಂದ ಕಾಯುತ್ತದೆ. ಬ್ಯಾಗು ಕಾಯುವ ಹಾಗೆ ಎಪಾಕ್ಸಿಯೂ ಕಾಯುತ್ತದೆ ಎಂದು ನಾನು ನಂಬಿದೆ. ಬ್ಯಾಗಿನಲ್ಲಿ ಹಾರ್ಡನರ್ ಇರುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಎರಡೂ ಡಬ್ಬಿಗಳನ್ನು ಪೂರ್ತಿಯಾಗಿ ಒಂದೇ ಬಕೆಟಿಗೆ ಸುರಿದು ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕಲಸಿ ಮುಗಿಸಿದೆ. ಅತ್ತೆ ಬಕೆಟಿನ ಅಂಚಿಗೆ ಒಂದು ಚಿಟಿಕೆ ಅರಿಶಿನ ಹಚ್ಚಿದರು. ಡಬ್ಬಿಯ ಜೊತೆ ಬಂದಿದ್ದ ಕಾಗದದಲ್ಲಿ ‘ಕಲಸಿದ ನಂತರ ಐದು ನಿಮಿಷ ಬಿಡಿ’ ಎಂದಿತ್ತು. ಐದು ನಿಮಿಷ ಬಿಟ್ಟರೆ ಒಳ್ಳೆಯದಾದರೆ ತೊಂಬತ್ತು ನಿಮಿಷ ಬಿಟ್ಟರೆ ಇನ್ನೂ ಒಳ್ಳೆಯದು! ದೋಸೆ ಹಿಟ್ಟಿನ ವಿಷಯದಲ್ಲಿ ಇದು ಸಾಬೀತಾದ ಸತ್ಯ.

ದೋಸೆ ಹಿಟ್ಟು ನೆನಪಾದದ್ದೇ ತಡ, ಇನ್ನೊಂದು ಚಿಂತೆ ಶುರುವಾಯಿತು. ಈ ಚಳಿಯಲ್ಲಿ ನಮ್ಮ ಮನೆಯ ಹಿಟ್ಟು ಕಂಬಳಿ ಹೊದಿಸದೆ ಹುದುಗು ಬರುವುದಿಲ್ಲ. ಡಬ್ಬಿ ತೆರೆದಾಗ ರೆಸಿನ್ ಬೇರೆ ಚಳಿಗೆ ಜೇನುತುಪ್ಪದಂತೆ ಗಟ್ಟಿಯಾಗಿತ್ತು. ಇದೂ ಚಳಿಗೆ ಕೆಟ್ಟರೆ?

“ತಡಿ, ನನ್ ಕಂಬ್ಳಿ ಕೊಡ್ತೀನಿ,” ಎಂದರು ಅತ್ತೆ.

ಅದು ತೀರಿಹೋದ ನಮ್ಮ ಮಾವನವರು ಹೊದೆಯುತ್ತಿದ್ದ ಕರಿ ಕಂಬಳಿ. ನಾವಿಬ್ಬರೂ ಸೇರಿ ಬಕೆಟಿಗೆ ತಟ್ಟೆ ಮುಚ್ಚಿ, ಎರಡು ಸುತ್ತು ಕಂಬಳಿ ಸುತ್ತಿ, ಮಗುವಿಗೆ ಹೊದಿಸಿದಷ್ಟು ಮುತುವರ್ಜಿಯಿಂದ ಅಂಚು ಸಿಕ್ಕಿಸಿದೆವು. ಎದುರು ಸೈಟಿನ ಎಂ ಸ್ಯಾಂಡ್ ಮರಳಿನ ಧೂಳು ಹಾರಿ ಬರದಿರಲೆಂದು ನಾನು ಶೆಡ್ಡಿನ ಶಟರನ್ನು ಸೊಂಟದ ಮಟ್ಟಕ್ಕೆ ಎಳೆದೆ. ಶೆಡ್ಡಿಗೆ ಬೇರೆ ಬಾಗಿಲಿಲ್ಲ. ಬೆಕ್ಕು ನುಗ್ಗಿ ತೊಳೆದ ನೆಲವನ್ನು ತುಳಿಯಬಾರದೆಂದು ಅತ್ತೆ ಒಳಗೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಕೆಟಿನ ಪಕ್ಕ ಕೂತರು. ಕಾಲು ಚಾಚಲು ಏನಾದರೂ ಬೇಕಲ್ಲ? ಥಿನ್ನರ್ ಕ್ಯಾನ್ ಇತ್ತು. ಅದನ್ನು ಅವರ ಪಾದದ ಕೆಳಗೆ ಸರಿಸಿಕೊಟ್ಟವಳು ನಾನೇ.

ಈಗಲೂ ನನ್ನ ಕಣ್ಣಿಗೆ ಮತ್ತೆ ಮತ್ತೆ ಬರುವ ಚಿತ್ರ ಅದೇ. ಅರ್ಧ ಮುಚ್ಚಿದ ಶೆಡ್ಡು, ಕಂಬಳಿ ಹೊದ್ದ ಬಕೆಟ್ಟು, ಐದು ಲೀಟರ್ ಥಿನ್ನರ್ ಮೇಲೆ ಕಾಲಿಟ್ಟು ಕೂತ ಎಪ್ಪತ್ತೆಂಟು ವರ್ಷದ ಹೆಂಗಸು. ಏರ್ಪಾಡು ಮಾಡಿದವರು: ಒಬ್ಬ ವಿಜ್ಞಾನ ಶಿಕ್ಷಕಿ.

ನಾನು ಮನೆಯ ಜಗುಲಿಯಲ್ಲಿ ಕಾಫಿ ಹಿಡಿದು ಕೂತೆ. ಯಜಮಾನರು ಗಡ್ಡ ಕೆರೆಯಲು ಒಳಗೆ ಹೋದರು. ಹತ್ತು ನಿಮಿಷವಾಗಿರಬೇಕು, ಶೆಡ್ಡಿನೊಳಗಿಂದ ಅತ್ತೆಯವರ ದನಿ ಬಂತು.

“ಜಯಾ, ಬಕೀಟು ಬೆಚ್ಚಗಾಯ್ತಾ ಐತೆ ಕಣಮ್ಮಿ.”

“ಒಳ್ಳೇದು ಅತ್ತೆ. ಹುದುಗು ಬರ್ತಿದೆ!” ಎಂದೆ.

ಇದನ್ನು ನಾನು ಹೇಳಿದ್ದು ತಮಾಷೆಗಲ್ಲ. ನಂಬಿಕೆಯಿಂದ.

ಇನ್ನೈದು ನಿಮಿಷ. “ಮಂಡಿಗೆ ಬಾಳ ಇತವಾಗೈತೆ. ಕುರ್ಚಿ ಇನ್ನೊಸಿ ಅತ್ರಕ್ಕೆ ಎಳ್ಕಂಡಿವ್ನಿ.”

“ಎಳ್ಕೊಳ್ಳಿ ಅತ್ತೆ.”

ಮತ್ತೆ ನಾಲ್ಕು ನಿಮಿಷ. “ಅಮ್ಮಿ, ಏನೋ ಗಾಟು ವಾಸ್ನೆ.”

“ಪೇಂಟ್ ಅಂದ ಮೇಲೆ ವಾಸನೆ ಇರುತ್ತೆ ಅತ್ತೆ.”

ಎರಡೇ ನಿಮಿಷ. ಒಂದು ಸಲ ಕೆಮ್ಮಿದರು. “ಕಂಬ್ಳಿಯಿಂದ ಆವಿ ಬತ್ತಾ ಐತಲ್ಲೇ. ಇಡ್ಲಿ ಬೆಂದಂಗೆ!”

ಕಾಫಿ ಲೋಟ ನನ್ನ ತುಟಿಯ ಹತ್ತಿರವೇ ನಿಂತಿತು. ಆವಿ. ಪ್ರತಿ ಜೂನ್ ತಿಂಗಳಲ್ಲಿ ಹತ್ತನೆಯ ತರಗತಿಯ ಮೊದಲನೆಯ ಪಾಠಕ್ಕೆ ನಾನು ಒಂದು ಬೀಕರಿನಲ್ಲಿ ಸುಟ್ಟ ಸುಣ್ಣ ಹಾಕಿ, ನೀರು ಬೆರೆಸಿ, ಮಕ್ಕಳ ಕೈಯಿಂದ ಬೀಕರು ಮುಟ್ಟಿಸುತ್ತೇನೆ. “ಬಿಸಿಯಾಗಿದೆ ಮಿಸ್!” ಎಂದು ಅವರು ಕೂಗಿದಾಗ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ: ಬಹಿರುಷ್ಣಕ ಕ್ರಿಯೆ. ಎರಡು ವಸ್ತು ಸೇರಿ ಶಾಖ ಬಿಡುವುದು. ಇಪ್ಪತ್ತಮೂರು ಜೂನ್ ಬರೆದಿದ್ದೇನೆ! ಈಗ ಅದೇ ಕ್ರಿಯೆ ಒಂದು ಬಕೆಟಿನಷ್ಟು, ಶಾಖ ಹೊರಹೋಗದಂತೆ ಕಂಬಳಿ ಸುತ್ತಿಕೊಂಡು, ನಮ್ಮ ಅತ್ತೆಯ ಮಂಡಿಯ ಪಕ್ಕದಲ್ಲಿ ಕೂತಿತ್ತು.

ಹೇಗೆ ಓಡಿದೆನೋ ಗೊತ್ತಿಲ್ಲ. ಬಗ್ಗಿ ಶಟರಿನಡಿ ನುಗ್ಗಿದೆ. ಒಳಗೆ ಬಿಳಿ ಹೊಗೆ ಎದೆಯ ಮಟ್ಟಕ್ಕೆ ಇಳಿದಿತ್ತು. ಗಂಟಲು ಉರಿಯುವ ಘಾಟು. ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಾವಲು ಬಿಡದೆ ಕೂತಿದ್ದರು.

“ಅತ್ತೆ, ಏಳಿ!”

“ಅತ್ತೂವರೆ ಆಯ್ತಾ?”

“ಇಲ್ಲ, ಏಳಿ ಮೊದಲು!”

“ಮತ್ಯಾಕೆ ಏಳ್ಲಿ? ನಾ ಎದ್ರೆ ಬೆಕ್ಕು ಬತ್ತೈತೆ.”

“ಬಕೆಟ್ ಸುಡ್ತಿದೆ ಅತ್ತೆ!”

“ಅದ್ನೇ ಅಲ್ವಾ ನಾನು ಆಗ್ಲಿಂದ ಬಡ್ಕತಿರೋದು? ಉದುಗು ಬತ್ತೈತೆ ಅಂದೋಳು ಯಾರು?”

ಇಂಥ ಸಮಯದಲ್ಲಿ ಮನುಷ್ಯನ ನಿಜವಾದ ಸ್ವಭಾವ ಹೊರಬರುತ್ತದೆ ಎನ್ನುತ್ತಾರೆ. ನನ್ನ ಸ್ವಭಾವವೂ ಹೊರಬಂತು. ಆ ಶೆಡ್ಡಿನಲ್ಲಿ ಅತ್ತೆ ಇದ್ದರು, ಥಿನ್ನರ್ ಇತ್ತು, ಕುದಿಯುವ ಬಕೆಟ್ ಇತ್ತು. ನಾನು ಮೊದಲು ಎತ್ತಿಕೊಂಡು ಹೊರಗೆಸೆದದ್ದು ರೋಲರನ್ನು! ಹೊಸ ರೋಲರ್. ಅದನ್ನು ಯಾಕೆ ಕಾಪಾಡಿದೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ಆಮೇಲೆ ಬುದ್ಧಿ ಬಂತು. ಅತ್ತೆಯವರ ಪಾದದಡಿಯಿಂದ ಥಿನ್ನರ್ ಕ್ಯಾನ್ ಕಿತ್ತು ಶಟರಿನಡಿ ಹೊರಕ್ಕೆ ಉರುಳಿಸಿದೆ. ಕ್ಯಾನ್ ಬೆಚ್ಚಗಿತ್ತು. ಆ ಬಿಸುಪು ಈಗಲೂ ನನ್ನ ಅಂಗೈಯಲ್ಲಿದೆ.

ಅತ್ತೆಯವರಿಗೆ ಮಂಡಿ ಬಗ್ಗುವುದಿಲ್ಲ. ಶಟರ್ ಇರುವುದು ಸೊಂಟದ ಮಟ್ಟಕ್ಕೆ. ಮೇಲೆತ್ತಲು ಹೋದೆ, ಅಲ್ಲಾಡಲಿಲ್ಲ. ನಮ್ಮ ಶಟರಿಗೆ ಎಡಗಡೆಯ ಮೂಲೆಗೆ ಹೊರಗಿನಿಂದ ಒಂದು ಒದೆ ಬಿದ್ದರೆ ಮಾತ್ರ ಅದು ಏಳುವುದು. ಆ ಒದೆಯ ಮರ್ಮ ಗೊತ್ತಿರುವುದು ಯಜಮಾನರೊಬ್ಬರಿಗೇ.

“ರೀ! ರೀ! ಶಟರ್!”

ಹಿಂದೆ ಬಕೆಟಿನೊಳಗಿಂದ ಕಟಕಟ ಸದ್ದು ಶುರುವಾಯಿತು. ಕಲ್ಲು ಸಿಡಿಯುವಂಥ ಸದ್ದು. ನಾನು ಕುರ್ಚಿಯನ್ನು ಅತ್ತೆಯ ಸಮೇತ ಶಟರಿನ ಕಡೆಗೆ ಎಳೆಯತೊಡಗಿದೆ. ಆಸಿಡ್ ಹಾಕಿ ತರಿ ಮಾಡಿದ ನೆಲ! ಕುರ್ಚಿ ಜಾರಲೇ ಇಲ್ಲ. ಅತ್ತೆ ಹಿಂದಕ್ಕೆ ತಿರುಗಿ ಕೈ ಚಾಚಿದರು.

“ನಿಮ್ಮಾವುನ್ ಕಂಬ್ಳಿ! ಕಂಬ್ಳಿ ತಗಳ್ಳೇ!”

“ಕಂಬಳಿ ಬೇಡ ಅತ್ತೆ!”

“ಬ್ಯಾಡ ಅನ್ನಕೆ ಅದೇನ್ ನಿಂದಾ?”

ಅಷ್ಟರಲ್ಲಿ ಹೊರಗೆ ಧಡ್ ಎಂದು ಒದೆ ಬಿತ್ತು. ಶಟರ್ ಗರಗರ ಎದ್ದಿತು. ಬೆಳಕಿನಲ್ಲಿ ಯಜಮಾನರು ನಿಂತಿದ್ದರು: ಸೊಂಟಕ್ಕೆ ಟವೆಲ್, ಅರ್ಧ ಮುಖಕ್ಕೆ ಸೋಪಿನ ನೊರೆ, ಕೈಯಲ್ಲಿ ರೇಜರ್. ಕುರ್ಚಿಯ ಒಂದು ಕಡೆ ಅವರು ಹಿಡಿದರು, ಇನ್ನೊಂದು ಕಡೆ ನಾನು. ದೇವರ ಉತ್ಸವಮೂರ್ತಿಯನ್ನು ಹೊತ್ತಂತೆ ಅತ್ತೆಯವರನ್ನು ಬೀದಿಗೆ ತಂದು ಇಳಿಸಿದೆವು. ತಿರುಗಿ ನೋಡಿದರೆ ಬಕೆಟ್ಟು ಒಂದು ಪಕ್ಕಕ್ಕೆ ಮೇಣದಂತೆ ಕುಸಿಯುತ್ತಿತ್ತು. ಸ್ವಲ್ಪ ಮುಂಚೆ ಅತ್ತೆಯವರ ಮಂಡಿ ಇದ್ದದ್ದು ಆ ಪಕ್ಕದಲ್ಲೇ.

ಯಜಮಾನರು ನೀರಿಗೆ ಓಡಿದರು. ನಾನು ಲೋಕೇಶನಿಗೆ ಫೋನ್ ಮಾಡಿದೆ.

“ಮಿಸ್, ಎಷ್ಟು ಕಲಸಿದ್ರಿ?”

“ಎಲ್ಲಾ.”

“ಎಲ್ಲಾನಾ ಮಿಸ್?”

“ಎಲ್ಲಾ ಕಣೋ!”

“ಯಾವಾಗ ಕಲಸಿದ್ರಿ?”

“ರಾಹುಕಾಲಕ್ಕೆ ಮುಂಚೆ.”

“ಮಿಸ್, ಬಕೀಟಿಗೆ ನೀರು ಉಯ್ಯಕ್ ಓಗ್ಬೇಡಿ, ಸಿಡೀತದೆ. ದೂರದಿಂದ ಮರಳು ಆಕ್ಸಿ. ಒಗೆ ಕುಡೀಬೇಡಿ. ಬಂದೆ.”

ಮೂವತ್ತಾರು ಅಂಕದ ಹುಡುಗ ಒಂದೇ ಉಸಿರಿನಲ್ಲಿ ಹೇಳಿದ. ಈ ಸಲ ನಾನು ಮಧ್ಯೆ ಬಾಯಿ ಹಾಕಲಿಲ್ಲ. ನೀರು ತುಂಬಿದ ಬಿಂದಿಗೆ ಹೊತ್ತು ಬರುತ್ತಿದ್ದ ಯಜಮಾನರನ್ನು ಗೇಟಿನಲ್ಲೇ ತಡೆದೆ. ಹೊಗೆ ಕಂಡು ಪುಟ್ಟಸ್ವಾಮಿ ಆಗಲೇ ಓಡಿ ಬಂದಿದ್ದ. ಮರಳು ಎಂದದ್ದೇ ತಡ, ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಬಾಂಡ್ಲಿ ಬಾಂಡ್ಲಿ ಎಂ ಸ್ಯಾಂಡ್ ತಂದು ಬಕೆಟಿನ ಮೇಲೆ ಎರಚಿದ. ಆರೇಳು ಬಾಂಡ್ಲಿ ಬಿದ್ದ ಮೇಲೆ ಹೊಗೆ ಕಡಿಮೆಯಾಯಿತು.

“ಅಕ್ಕಾ,” ಎಂದ ಟವೆಲ್ ಬಿಚ್ಚುತ್ತಾ, “ಎಜ್ಜೇನು ಕೀಳದೇ ಸಲೀಸಿತ್ತು ಕಣಕ್ಕಾ.”

ನಾನು ಬೀದಿಯಲ್ಲೇ ಅತ್ತೆಯವರ ಕಾಲ ಬಳಿ ಕೂತೆ. ಮಂಡಿ, ಪಾದ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಏನೂ ಆಗಿರಲಿಲ್ಲ. ಸೀರೆಯ ಅಂಚಿನಲ್ಲಿ ಮಾತ್ರ ಒಂದು ಹಣೆಬೊಟ್ಟಿನಷ್ಟು ಸುಟ್ಟ ತೂತು. ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಳ್ಳಲು ನಾನು ಒಳಗೆ ಹೋಗಿದ್ದರೆ? ಎರಡು ನಿಮಿಷದ ವಿಷಯ. ಫಿಲ್ಟರಿನಲ್ಲಿ ಡಿಕಾಕ್ಷನ್ ಖಾಲಿಯಾಗಿತ್ತು, ಅದಕ್ಕೇ ಹೋಗಿರಲಿಲ್ಲ. ನಮ್ಮ ಅತ್ತೆಯ ಜೀವ ಉಳಿದದ್ದು ನನ್ನ ವಿದ್ಯೆಯಿಂದಲ್ಲ, ಖಾಲಿ ಫಿಲ್ಟರಿನಿಂದ.

ಅತ್ತೆ ಒಂದು ಲೋಟ ನೀರು ಕುಡಿದು, ಸುಟ್ಟ ತೂತಿನೊಳಗೆ ಬೆರಳು ತೂರಿಸಿ ನೋಡಿ, ತೀರ್ಪು ಕೊಟ್ಟರು.

“ಅದ್ಕೇ ಏಳೋದು ಇರೀಕರ ಮಾತು ಕೇಳ್ಬೇಕು ಅಂತ. ಪರಸ್ಥಾನ ಮಾಡಿದ್ಕೆ ಇಷ್ಟರಲ್ಲೇ ಓಯ್ತು. ರಾಹುಕಾಲ್ದಾಗೇ ಕಲಸಿದ್ರೆ ಮನೇನೇ ಓಗ್ತಿತ್ತು!”

ರಾಹುಕಾಲದಲ್ಲೇ ಕಲಸಿ ಆಗಲೇ ನೆಲಕ್ಕೆ ಸುರಿದಿದ್ದರೆ ಏನೂ ಆಗುತ್ತಿರಲಿಲ್ಲ ಅತ್ತೆ ಎಂದು ಹೇಳಲು ಬಾಯಿ ತೆರೆದೆ. ಹಿಂದೆ ನಿಂತಿದ್ದ ಯಜಮಾನರು ಅರ್ಧ ನೊರೆಯ ಮುಖದಲ್ಲೇ ಬೇಡ ಎಂದು ತಲೆಯಾಡಿಸಿದರು. ಮುಚ್ಚಿದೆ.

ಜಗುಲಿಗೆ ಹೋಗಿ ಡಬ್ಬಿಯ ಜೊತೆಗಿನ ಕಾಗದ ತೆಗೆದು ನೋಡಿದೆ. ‘ಐದು ನಿಮಿಷ ಬಿಡಿ’ ಎಂಬುದರ ಮುಂದಿನ ಸಾಲಿನಲ್ಲೇ, ದಪ್ಪ ಅಕ್ಷರದಲ್ಲಿ, ಕೂಡಲೇ ನೆಲಕ್ಕೆ ಸುರಿದು ಹರಡಿ, ಬಕೆಟಿನಲ್ಲಿ ಉಳಿಸಬೇಡಿ ಎಂದಿತ್ತು. ಆ ಸಾಲಿನ ಮೇಲೆ ದುಂಡಗೆ ಒಂದು ಕಾಫಿಯ ಕಲೆ. ನನ್ನ ಲೋಟದ್ದೇ!

ಲೋಕೇಶ ಬಂದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಧ್ಯಾಹ್ನ ಎಲ್ಲ ಆರಿದ ಮೇಲೆ ಅವನೂ ಪುಟ್ಟಸ್ವಾಮಿಯೂ ಸೇರಿ ಆ ಗಡ್ಡೆಯನ್ನು ಕೀಳಲು ಹೊರಟರು. ರೆಸಿನ್ನು, ಪ್ಲಾಸ್ಟಿಕ್ಕು, ಮರಳು, ಮಾವನವರ ಕಂಬಳಿ ಎಲ್ಲವೂ ಒಂದಾಗಿ ಮೊಣಕಾಲೆತ್ತರದ ಒಂದು ಕರಿಗುಂಡಾಗಿ ಶೆಡ್ಡಿನ ನಟ್ಟನಡುವೆ ಕೂತಿತ್ತು. ಸುತ್ತಿಗೆಗೆ ಜಗ್ಗಲಿಲ್ಲ, ಚಾಣಕ್ಕೆ ಜಗ್ಗಲಿಲ್ಲ. ಹಾರೆ ಹಾಕಿ ಮೀಟಿದರೆ ಪಕ್ಕದ ಸಿಮೆಂಟು ಎದ್ದು ಬಂತೇ ಹೊರತು ಗುಂಡು ಅಲ್ಲಾಡಲಿಲ್ಲ. ಲೋಕೇಶ ಬೆವರು ಒರೆಸಿಕೊಂಡು ನನ್ನ ಕಡೆ ನಿಜವಾದ ಗೌರವದಿಂದ ನೋಡಿದ.

“ಮಿಸ್, ಇಂಗೆ ಕಚ್ಕಂಡಿರೋದನ್ನ ನಾನ್ ನೋಡೇ ಇಲ್ಲ. ನೆಲ ಬಾಳ ಚೆನ್ನಾಗಿ ತೊಳ್ದಿದ್ರಿ.”

ಆ ವಾರದಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಎಂಟು ದಿನ ಕಳೆದು ಭಾನುವಾರ ಸೀಮಂತ. ಶಾಮಿಯಾನ ಅಂಗಡಿಯಿಂದ ಹಸಿರು ಮ್ಯಾಟು ತರಿಸಿ ಶೆಡ್ಡಿಗೆ ಹಾಸಿದೆವು. ನಡುವಿನ ಕರಿಗುಂಡಿಗಾಗಿ ಮ್ಯಾಟಿನ ಎರಡು ಹಾಳೆಗಳ ನಡುವೆ ಜಾಗ ಬಿಡಬೇಕಾಯಿತು. ಗುಂಡಿನ ಮೇಲೆ ಒಂದು ಬಟ್ಟೆ ಹೊದಿಸಿ ಕುಡಿಯುವ ನೀರಿನ ಕ್ಯಾನ್ ಇಟ್ಟೆವು. ಬಕೆಟ್ಟು ಕುಸಿದಾಗ ಪಕ್ಕಕ್ಕೆ ಸೋರಿದ್ದ ಸ್ವಲ್ಪ ಎಪಾಕ್ಸಿ ಮರಳು ಬೀಳದ ಕಡೆ ಎರಡು ಮೊರದಗಲ ತೆಳುವಾಗಿ ಹರಡಿ ಒಣಗಿತ್ತು. ಅಷ್ಟು ಜಾಗ ಮಾತ್ರ ವಿಡಿಯೋದಲ್ಲಿ ಕಂಡ ಹಾಗೇ ಬೂದು ಬಣ್ಣಕ್ಕೆ ಫಳಫಳ ಹೊಳೆಯುತ್ತಿತ್ತು.

ಪೇಟೆಯ ಕನಕಾಂಬರ ಮುಡಿದು ಸ್ಮಿತಾ ಎಲೆಯ ಮುಂದೆ ಕೂತಳು. ಬೀಗಿತ್ತಿಯವರು ಬಂದರು. ಶೆಡ್ಡಿನ ಬಾಗಿಲಲ್ಲಿ ನಿಂತು, ಮ್ಯಾಟಿನ ಅಂಚಿನಿಂದ ಇಣುಕುತ್ತಿದ್ದ ಸಿಮೆಂಟ್ ಪುಡಿ ನೋಡಿದರು. ಎರಡು ಬೆರಳು ನೆರಿಗೆಗೆ ಹೋದವು. ನೆರಿಗೆ ಒಂದು ಗೇಣು ಮೇಲೆದ್ದಿತು.

ನೀರು ಕುಡಿಯಲು ಅವರು ಕ್ಯಾನಿನ ಹತ್ತಿರ ಬಂದು ಆ ಹೊಳೆಯುವ ತುಂಡು ನೆಲದ ಮೇಲೆ ಕಾಲಿಟ್ಟರು. ಕೆಳಗೆ ನೋಡಿದರು. ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ, ನನ್ನ ಕಣ್ಣೆದುರಿಗೇ, ಆ ಎರಡು ಬೆರಳು ನೆರಿಗೆಯನ್ನು ಬಿಟ್ಟವು! ಸೀರೆ ನೆಲಕ್ಕೆ ಇಳಿಯಿತು. ಒಂದು ಚೂರೂ ಧೂಳು ಹತ್ತಲಿಲ್ಲ.

“ಎಷ್ಟು ನುಣ್ಣಗಿದೆಯಲ್ಲ ಬೀಗಿತ್ತಿಯವರೇ! ಏನಿದು?”

ನಾನು ಬಾಯಿ ತೆರೆಯುವುದರೊಳಗೆ ಪಕ್ಕದ ಕುರ್ಚಿಯಿಂದ ಅತ್ತೆ ಹೇಳಿದರು. “ಎಪಾಕ್ಸಿ ಅಂತೆ ಕಣವ್ವ. ನಮ್ ಸೊಸೆ ಕೈಯಾರೆ ಮಾಡಿದ್ದು.”

“ಹೌದಾ?” ಬೀಗಿತ್ತಿಯವರು ಸುತ್ತ ಇಡೀ ಶೆಡ್ಡನ್ನು ಒಮ್ಮೆ ನೋಡಿದರು. ಆಮೇಲೆ ಮತ್ತೆ ಎರಡು ಬೆರಳಿನಲ್ಲಿ ನೆರಿಗೆ ಎತ್ತಿಕೊಳ್ಳುತ್ತಾ, ನಿಜವಾದ ಕುತೂಹಲದಿಂದ ಕೇಳಿದರು. “ಇಷ್ಟು ಚೆನ್ನಾಗಿ ಬರುತ್ತೆ ಅಂದ್ಮೇಲೆ ಪೂರ್ತಿ ನೆಲಕ್ಕೇ ಮಾಡಬಹುದಿತ್ತಲ್ಲ?”

ನಾನು ಬಾಗಿ ಅವರ ಲೋಟಕ್ಕೆ ನೀರು ಹಿಡಿದುಕೊಟ್ಟೆ.